ಏನು ಬಿಟ್ಟು ಅಗ್ಗವಾಯ್ತು? ಸವಳಂಗದಿಂದ ನೋಡಿದ ಸಣ್ಣ ಕಾರಿನ ಕಥೆ

ಶಿವಮೊಗ್ಗ ಪೇಟೆಯಲ್ಲಿ ‘ಸವಳಂಗ ರಸ್ತೆ’ ಎಂದರೆ ಆಟೋದವರಿಗೆ ಬೇರೆ ಗುರುತು ಹೇಳಬೇಕಾಗಿಲ್ಲ. ಆದರೆ ಆ ರಸ್ತೆಗೆ ಹೆಸರು ಕೊಟ್ಟ ಊರು ಶಿವಮೊಗ್ಗ ಜಿಲ್ಲೆಯಲ್ಲೇ ಇಲ್ಲ. ಶಿಕಾರಿಪುರದ ದಾರಿಯಲ್ಲಿ ಸಿಗುವ ಸವಳಂಗ ದಾವಣಗೆರೆ ಜಿಲ್ಲೆ, ನ್ಯಾಮತಿ ತಾಲ್ಲೂಕಿಗೆ ಸೇರಿದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ತಾಲ್ಲೂಕಿನ ಜೊತೆ ಈ ಊರೂ ಆ ಕಡೆ ಹೋಯಿತು. ಜಿಲ್ಲೆ ಬದಲಾಯಿತು, ಜನರ ಓಡಾಟ ಬದಲಾಗಲಿಲ್ಲ. ಆಸ್ಪತ್ರೆಗೆ, ಕಾಲೇಜಿಗೆ, ಮದುವೆ ಬಟ್ಟೆಗೆ ಈಗಲೂ ಶಿವಮೊಗ್ಗವೇ. ಅದಕ್ಕೇ ಇಲ್ಲಿನ ಮನೆಗಳ ಮುಂದೆ ಕೆಎ 14 ಮತ್ತು ಕೆಎ 17 ಎರಡೂ ನಂಬರಿನ ಗಾಡಿಗಳು ನಿಂತಿರುತ್ತವೆ.

ಈ ಊರಿನಲ್ಲಿ ನಮ್ಮಲ್ಲೊಬ್ಬರ ಸೋದರತ್ತೆ ಮಗ ಇದ್ದಾನೆ. ಹದಿನೆಂಟು ತುಂಬಿದ್ದೇ ಎಲ್‌ಎಲ್ ಮಾಡಿಸಿದ. ಮನೆಯಲ್ಲಿ ಅಜ್ಜಿಗೆ ವಾರಕ್ಕೆರಡು ಸಲ ಶಿವಮೊಗ್ಗದಲ್ಲಿ ಡಯಾಲಿಸಿಸ್. ಪ್ರತಿ ಸಲ ಬಾಡಿಗೆ ಕಾರು ಮಾಡಿ ಮಾಡಿ ಮೆಕ್ಕೆಜೋಳ ಮಾರಿದ ದುಡ್ಡು ಕರಗುತ್ತಿದೆ. ಒಂದು ದಿನ ಫೋನ್ ಮಾಡಿದ: “ಅಣ್ಣ, ಇಲ್ಲೊಂದು ಮಾರುತಿ 800 ಇದೆ, 2003ರ ಮಾಡೆಲ್ಲು. ಹೊಸ ಬೈಕಿಗಿಂತ ಕಮ್ಮಿ ರೇಟು. ಅಪ್ಪಾಜಿ ಹೂಂ ಅಂದಾರೆ. ತಗೊಳ್ಳೋದಾ?”

ಹೂಂ ಅನ್ನಲೂ ಆಗಲಿಲ್ಲ, ಬೇಡ ಅನ್ನಲೂ ಆಗಲಿಲ್ಲ. ನಮ್ಮ ಕಡೆ ಅಗ್ಗದ ಕಾರು ಅಂದರೆ 800 ಎಂಬ ಮಾತು ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದಾಗ ಗೊತ್ತಾಗಿದ್ದು ಇಷ್ಟು: ಅಗ್ಗದ ಕಾರು ಮಾಡಿದವರೆಲ್ಲ ಏನಾದರೊಂದನ್ನು ಕೈಬಿಟ್ಟೇ ಬೆಲೆ ಇಳಿಸಿದ್ದಾರೆ. ಏನು ಬಿಟ್ಟರು ಅನ್ನುವುದರಲ್ಲೇ ಕಥೆ ಇದೆ.

ನಮ್ಮ ಅಜ್ಜಂದಿರ ಕಾಲಕ್ಕೆ ಇದ್ದಿದ್ದು ಅಂಬಾಸಿಡರ್, ಫಿಯೆಟ್, ಎಲ್ಲೋ ಒಂದೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ಯಾವುದೂ ಅಗ್ಗ ಅಲ್ಲ. ಅಂಬಾಸಿಡರ್ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು, ಫಿಯೆಟ್ ಮುಂಬೈಯ ಕುರ್ಲಾದಲ್ಲಿ. ಎಷ್ಟು ಕಾರು ಮಾಡಬೇಕು ಅನ್ನುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿತ್ತು. ಹಾಗಾಗಿ ದುಡ್ಡಿದ್ದವರೂ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಜನಸಾಮಾನ್ಯರಿಗೆ ಸಣ್ಣ ಕಾರು ಬೇಕು ಅನ್ನುವ ಮಾತು ಆಗಲೇ ಇತ್ತು, 1959ರಲ್ಲೇ ಎಲ್.ಕೆ. ಝಾ ಅವರ ಸಮಿತಿ ಅದನ್ನು ಪರಿಶೀಲಿಸಿತ್ತು. ಕಾರು ಬರಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಹಳ್ಳಿ ಕಡೆ ಕಾರು ಕಲಿತವರೆಲ್ಲ ಕಲಿತಿದ್ದು ಯಾರದೋ ಬಾಡಿಗೆ ಕಾರಿನಲ್ಲಿ, ಸ್ಟೇರಿಂಗಿನ ಪಕ್ಕದಲ್ಲೇ ಇರುತ್ತಿದ್ದ ಗೇರಿನ ಕೋಲು ಎಳೆದಾಡಿ. ಇಲ್ಲದಿದ್ದರೆ ಗದ್ದೆಯಲ್ಲಿ ಟ್ರ್ಯಾಕ್ಟರ್ ಹತ್ತಿ. ಈಗಲೂ ನಮ್ಮ ಹುಡುಗರು ಕ್ಲಚ್ ಅಂದರೇನು ಅಂತ ಮೊದಲು ತಿಳಿಯುವುದು ಟ್ರ್ಯಾಕ್ಟರಿನಲ್ಲೇ.

ಈ ಕಥೆಯಲ್ಲಿ ನಮ್ಮ ರಾಜ್ಯದ್ದೇ ಒಂದು ಅಧ್ಯಾಯ ಇದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಮಾರುತಿ ಬರುವ ಮುಂಚೆಯೇ ಬೆಂಗಳೂರಿನಲ್ಲಿ ಅಗ್ಗದ ಕಾರು ಮಾಡಿದವರಿದ್ದರು. 1970ರ ದಶಕದಲ್ಲಿ ಸನ್‌ರೈಸ್ ಎಂಬ ಹೆಸರಿನಲ್ಲಿ ಶುರುವಾಗಿ ಮುಂದೆ ಸಿಪಾನಿ ಆಟೋಮೊಬೈಲ್ಸ್ ಆದ ಕಂಪನಿ ಅದು. ಅವರ ಮೊದಲ ಗಾಡಿ ‘ಬಾದಲ್’. ಮುಂದೆ ಒಂದು ಚಕ್ರ, ಹಿಂದೆ ಎರಡು. 198 ಸಿಸಿ ಇಂಜಿನ್, ಅಂದರೆ ಇವತ್ತಿನ ದೊಡ್ಡ ಬೈಕಿನಷ್ಟು. ಮೈ ಪೂರ್ತಿ ಫೈಬರ್. ಒಂದು ಚಕ್ರ ಬಿಟ್ಟರು, ತಗಡು ಬಿಟ್ಟರು, ದೊಡ್ಡ ಇಂಜಿನ್ ಬಿಟ್ಟರು. ಜನ ಅದನ್ನು ಕಾರು ಅಂತ ಒಪ್ಪಿಕೊಳ್ಳಲಿಲ್ಲ.

ಅದೇ ಕಂಪನಿ 1982ರಲ್ಲಿ ‘ಡಾಲ್ಫಿನ್’ ತಂದಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ವಿನ್ಯಾಸ, 848 ಸಿಸಿ ಇಂಜಿನ್, ನಾಲ್ಕು ಚಕ್ರ, ಎರಡೇ ಬಾಗಿಲು. ಮೈ ಮತ್ತೆ ಫೈಬರ್. ಹಗುರವಾದ್ದರಿಂದ ಚೆನ್ನಾಗಿ ಓಡುತ್ತಿತ್ತು, ಮದ್ರಾಸಿನ ಬಳಿಯ ಶೋಲಾವರಂನಲ್ಲಿ ರೇಸ್‌ಗೂ ಇಳಿಯಿತು. ಆದರೆ ಎರಡು ಬಾಗಿಲಿನ ಕಾರಿನಲ್ಲಿ ಅಜ್ಜಿಯನ್ನು ಹಿಂದಿನ ಸೀಟಿಗೆ ಹತ್ತಿಸುವುದು ಹೇಗೆ? ಮುಂದಿನ ಸೀಟು ಮಡಚಿ ತೂರಿಕೊಂಡು ಹೋಗಬೇಕು. ಇನ್ನು ಫೈಬರ್ ಒಡೆದರೆ ನಮ್ಮೂರಿನ ವೆಲ್ಡಿಂಗ್ ಶಾಪಿನಲ್ಲಿ ಏನು ಮಾಡಲು ಸಾಧ್ಯ? ಅಂಬಾಸಿಡರ್ ತಗಡಾದರೆ ಎಲ್ಲಿ ಬೇಕಾದರೂ ಬಡಿದು ಸರಿ ಮಾಡಿಕೊಡುತ್ತಿದ್ದರು. ಮುಂದೆ ನಾಲ್ಕು ಬಾಗಿಲಿನ ‘ಮೊಂಟಾನಾ’ ಬಂತು. ಅಷ್ಟರಲ್ಲಿ ತಡವಾಗಿತ್ತು. ನಮ್ಮ ಲೆಕ್ಕದಲ್ಲಿ ಡಾಲ್ಫಿನ್ ಕೆಟ್ಟ ಕಾರಲ್ಲ. ಬಂದ ಗಳಿಗೆ ಕೆಟ್ಟದ್ದು.

ಯಾಕೆಂದರೆ ಮರುವರ್ಷವೇ ಮಾರುತಿ ಬಂತು. 1981ರಲ್ಲಿ ಸರ್ಕಾರಿ ಕಂಪನಿಯಾಗಿ ಶುರುವಾದ ಮಾರುತಿ ಉದ್ಯೋಗ್ 1982ರಲ್ಲಿ ಜಪಾನಿನ ಸುಜುಕಿ ಜೊತೆ ಒಪ್ಪಂದ ಮಾಡಿಕೊಂಡಿತು. 1983ರಲ್ಲಿ ಬುಕಿಂಗ್ ತೆರೆದಾಗ 10,000 ರೂಪಾಯಿ ಮುಂಗಡ ಕಟ್ಟಿ ಲಕ್ಷಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಕಾರು ಕಣ್ಣಿಗೂ ಬಿದ್ದಿರಲಿಲ್ಲ! 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಅವರು ಮೊದಲ ಕಾರಿನ ಬೀಗದ ಕೈಯನ್ನು ದೆಹಲಿಯ ಹರ್‌ಪಾಲ್ ಸಿಂಗ್ ಎಂಬುವರಿಗೆ ಕೊಟ್ಟರು. ಬೆಲೆ ಐವತ್ತು ಸಾವಿರದೊಳಗೆ. ಇಂಜಿನ್ 796 ಸಿಸಿ, ಮೂರು ಸಿಲಿಂಡರ್.

ಮಾರುತಿಯವರು ಬಿಟ್ಟಿದ್ದು ತೂಕ. ಕಾರಿನ ಭಾರ ಸುಮಾರು 650 ಕೆಜಿ, ಅಡಿಕೆ ಚೀಲದ ಲೆಕ್ಕ ಗೊತ್ತಿರುವವರು ಅಂದಾಜು ಮಾಡಿಕೊಳ್ಳಬಹುದು. ತೂಕ ಕಡಿಮೆಯಾದ್ದರಿಂದ ಪೆಟ್ರೋಲ್ ಉಳಿಯಿತು. ಗೇರು ಸಲೀಸು, ಕ್ಲಚ್ ಹಗುರ. ಅಂಬಾಸಿಡರ್ ಸ್ಟೇರಿಂಗ್ ತಿರುಗಿಸಲು ರಟ್ಟೆ ಬೇಕಿತ್ತು. 800ರದ್ದನ್ನು ಹೆಣ್ಣುಮಕ್ಕಳು, ವಯಸ್ಸಾದವರು ಯಾರು ಬೇಕಾದರೂ ತಿರುಗಿಸಬಹುದಿತ್ತು. ಡ್ರೈವಿಂಗ್ ಸ್ಕೂಲುಗಳ ತುಂಬ 800 ತುಂಬಿಕೊಂಡಿದ್ದು ಇದರಿಂದಲೇ. ಒಂದೆರಡು ತಲೆಮಾರಿನ ಕನ್ನಡಿಗರು ಅರ್ಧ ಕ್ಲಚ್ ಹಿಡಿಯಲು ಕಲಿತಿದ್ದು ಅದರಲ್ಲೇ. 1984ರಲ್ಲಿ ಬಂದ ಅದೇ ಕಂಪನಿಯ ವ್ಯಾನ್, ಅಂದರೆ ಓಮ್ನಿ, ಹಳ್ಳಿಗಳಿಗೆ ಇನ್ನೂ ಹತ್ತಿರವಾಯಿತು. ಹಾಲಿನ ಕ್ಯಾನ್, ದಿಬ್ಬಣ, ಹೆರಿಗೆ, ಎಲ್ಲದಕ್ಕೂ ಅದೇ.

2014ರ ಜನವರಿ 18ಕ್ಕೆ 800ರ ತಯಾರಿಕೆ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರು ಮಾರಾಟವಾಗಿದ್ದವು. ಬಿಡಿಭಾಗ ಈಗಲೂ ಸಿಗುತ್ತದೆ, ರಿಪೇರಿ ಗೊತ್ತಿಲ್ಲದ ಮೆಕ್ಯಾನಿಕ್ ಇಲ್ಲ. ನಮ್ಮ ಹುಡುಗನ ಅಪ್ಪಾಜಿ ಹೂಂ ಅಂದಿದ್ದು ಈ ಧೈರ್ಯದ ಮೇಲೇ.

ಆದರೆ ಅದೇ ತಿಂಗಳ ಕೊನೆಗೆ ಇನ್ನೊಂದು ಸುದ್ದಿ ಬಂದಿತ್ತು. ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಪರೀಕ್ಷೆ ಮಾಡಿತ್ತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಏರ್‌ಬ್ಯಾಗ್ ಇಲ್ಲದ ಈ ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ ಸ್ಟಾರ್. ಇವೆಲ್ಲ ಹಳೇ 800ಕ್ಕಿಂತ ಹೊಸ ಕಾರುಗಳು. ತೂಕ ಮತ್ತು ಬೆಲೆ ಇಳಿಸುವಾಗ ಜೊತೆಗೆ ಬಿಟ್ಟಿದ್ದೇನು ಅಂತ ಆವತ್ತು ದೇಶಕ್ಕೆ ಕಾಣಿಸಿತು.

ಅಗ್ಗವನ್ನು ತುದಿ ಮುಟ್ಟಿಸಿದ್ದು ನ್ಯಾನೊ. 2008ರ ಜನವರಿಯಲ್ಲಿ ರತನ್ ಟಾಟಾ ಅದನ್ನು ದೆಹಲಿಯಲ್ಲಿ ತೋರಿಸಿದಾಗ ಲಕ್ಷ ರೂಪಾಯಿ ಕಾರು ಎಂದೇ ಹೆಸರಾಯಿತು. ಬಂಗಾಳದ ಸಿಂಗೂರಿನಲ್ಲಿ ರೈತರ ಜಮೀನಿನ ಗಲಾಟೆಯಾಗಿ ಟಾಟಾ ಹೊರಟಾಗ ಕರ್ನಾಟಕವೂ ಕರೆಯಿತು, ಧಾರವಾಡದ ಹತ್ತಿರ ಜಾಗ ಕೊಡುತ್ತೇವೆ ಎಂದು. ಆಗ ಮುಖ್ಯಮಂತ್ರಿ ಯಡಿಯೂರಪ್ಪನವರು. ಸವಳಂಗದ ಮೇಲೆ ಹಾದು ಹೋಗುವ ಇದೇ ರಸ್ತೆಯ ಆ ತುದಿಯ ಶಿಕಾರಿಪುರದ ಶಾಸಕರು. ಕೊನೆಗೆ 2008ರ ಅಕ್ಟೋಬರಿನಲ್ಲಿ ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. ನ್ಯಾನೊದಲ್ಲಿ ಒಂದೇ ವೈಪರ್, ಚಕ್ರಕ್ಕೆ ಮೂರೇ ನಟ್ಟು, ಹಿಂದಿನ ಡಿಕ್ಕಿ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಇಂಜಿನ್ 624 ಸಿಸಿ, ಅದೂ ಹಿಂದುಗಡೆ. ಒಂದಷ್ಟು ಕಾರಿಗೆ ಬೆಂಕಿ ಹತ್ತಿದ ಸುದ್ದಿ ಬಂತು. ಅದಕ್ಕಿಂತ ದೊಡ್ಡ ಪೆಟ್ಟು, ನಮಗನಿಸುವಂತೆ, ‘ಅಗ್ಗದ ಕಾರು’ ಅನ್ನುವ ಹೆಸರಿನಿಂದಲೇ ಬಿತ್ತು. ಮನೆ ಮುಂದೆ ಕಾರು ನಿಲ್ಲಿಸುವವನು ನಾನು ಅಗ್ಗದ್ದು ತಂದೆ ಅಂತ ಊರಿಗೆ ಸಾರಲು ಇಷ್ಟಪಡುತ್ತಾನೆಯೇ? 2018ಕ್ಕೆ ಅದರ ತಯಾರಿಕೆ ನಿಂತಿತು.

ನಡುವೆ 2001ರಲ್ಲಿ ಬೆಂಗಳೂರಿನಿಂದಲೇ ಚೇತನ್ ಮೈನಿ ಅವರ ರೇವಾ ಬಂದಿತ್ತು, ಪೆಟ್ರೋಲನ್ನೇ ಬಿಟ್ಟ ಕಾರು. ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಸವಳಂಗದಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಸಾಕು, ರಾತ್ರಿ ಕರೆಂಟು ಇದ್ದರೆ.

ಇಷ್ಟೆಲ್ಲ ಓದಿಕೊಂಡು ನಾವು ಒಂದು ಭಾನುವಾರ ಸವಳಂಗಕ್ಕೆ ಹೋದೆವು. ಕಾರು ನೋಡಲು ಚೆನ್ನಾಗಿತ್ತು. ಹೊಸ ಸೀಟ್ ಕವರ್, ಹೊಸ ಸ್ಪೀಕರ್, ಗಾಜಿನ ಮೇಲೆ ದೇವರ ಸ್ಟಿಕ್ಕರ್. ಹುಡುಗ ಬಾನೆಟ್ ಎತ್ತಿ ತೋರಿಸುತ್ತಿದ್ದ. ನಾವು ಆರ್‌ಸಿ ಕೇಳಿದೆವು. ಮಾರುವವರು ಸ್ವಲ್ಪ ತಡ ಮಾಡಿ ಒಳಗಿನಿಂದ ತಂದರು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ಹೊಸದು ಮಾಡಿಸಬೇಕು. ಇದರದ್ದು 2018ಕ್ಕೇ ಮುಗಿದಿತ್ತು. ಇನ್ಶೂರೆನ್ಸೂ ಇಲ್ಲ. ಆರ್‌ಸಿಯಲ್ಲಿದ್ದ ಹೆಸರು ಮಾರುವವರದ್ದಲ್ಲ, ಅವರಿಗೂ ಹಿಂದಿನ ಮಾಲೀಕರದ್ದು.

ಲೆಕ್ಕ ಹಾಕಿದೆವು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000. ತಡ ಮಾಡಿದ್ದಕ್ಕೆ ತಿಂಗಳಿಗೆ 500 ದಂಡ ಬೇರೆ. ಅದರ ಮೇಲೆ ಫಿಟ್‌ನೆಸ್, ಹೊಸ ಟೈರು, ಇನ್ಶೂರೆನ್ಸ್. ಬೈಕಿಗಿಂತ ಅಗ್ಗ ಅಂದಿದ್ದ ಕಾರು ಅಲ್ಲೇ ದುಬಾರಿಯಾಯಿತು. ಇನ್ಶೂರೆನ್ಸ್ ಇಲ್ಲದ ಗಾಡಿಯಲ್ಲಿ ಕಲಿಯುವ ಹುಡುಗ ಯಾರಿಗಾದರೂ ಗುದ್ದಿದರೆ ಪರಿಹಾರದ ದುಡ್ಡು ಬರಬೇಕಾದ್ದು ಹೊಲದಿಂದ. ಈ ಮಾತು ಕೇಳಿ ಅವರಪ್ಪಾಜಿ ಸುಮ್ಮನೆ ಎದ್ದು ಹೋಗಿ ಎಲೆ ಅಡಿಕೆ ತಂದರು.

ಅಜ್ಜಿ ಮಾತ್ರ ಒಳಗಿನಿಂದಲೇ ಕೇಳಿದರು: “ಅದ್ರಾಗೆ ಆ ಗಾಳಿ ಚೀಲ ಐತೇನೋ?” ಟಿವಿಯಲ್ಲಿ ನೋಡಿದ್ದರಂತೆ. ಇಲ್ಲ ಅಜ್ಜಿ, ಅದರಲ್ಲಿಲ್ಲ. ಡ್ರೈವರ್ ಕಡೆ ಏರ್‌ಬ್ಯಾಗ್ ಎಲ್ಲ ಹೊಸ ಕಾರಿಗೂ ಕಡ್ಡಾಯವಾಗಿದ್ದು 2019ರ ಜುಲೈಯಿಂದ. ಪಕ್ಕದ ಸೀಟಿಗೂ ಕಡ್ಡಾಯವಾಗಿದ್ದು 2021ರ ಕೊನೆಗೆ. ಅಜ್ಜಿ ಕೂರುವುದು ಆ ಪಕ್ಕದ ಸೀಟಿನಲ್ಲೇ.

ಅಲ್ಲಿಗೆ ಹುಡುಕುವ ವರ್ಷ ಗೊತ್ತಾಯಿತು: 2022 ಅಥವಾ ಆಮೇಲಿನ ಆಲ್ಟೊ, ಇಲ್ಲ ಅಂಥದ್ದೇ ಇನ್ನೊಂದು. ದುಡ್ಡು ಸಾಲದು, ಇನ್ನೊಂದು ಬೆಳೆ ಬರಬೇಕು. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರಿನ ಜಿಎಸ್‌ಟಿ 18ಕ್ಕೆ ಇಳಿದ ಮೇಲೆ ಹೊಸ ಕಾರಿನ ಬೆಲೆಯೂ ಇಳಿದಿದೆಯಲ್ಲ, ಸಾಲ ಮಾಡೋಣವಾ ಅಂತ ಹುಡುಗ ಕೇಳಿದ. ಸಾಲದ ಮಾತು ಈ ವರ್ಷ ಬೇಡ ಅಂದರು ಅಪ್ಪಾಜಿ. ಅದೂ ಸರಿಯೇ, ಅಜ್ಜಿಯ ಖರ್ಚಿದೆ.

ಎಲ್‌ಎಲ್ ಆರು ತಿಂಗಳಷ್ಟೇ ನಡೆಯುತ್ತದೆ, 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು. ಅದಕ್ಕೆ ಸ್ವಂತ ಕಾರು ಬೇಕಿಲ್ಲ. ಈಗ ಅವನು ಬೆಳಗ್ಗೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುತ್ತಿದ್ದಾನೆ. ಹಿಂದೆ ಮುಂದೆ ಬಿಳಿ ಹಲಗೆ ಮೇಲೆ ಕೆಂಪು ‘ಎಲ್’, ಪಕ್ಕದಲ್ಲಿ ಲೈಸೆನ್ಸ್ ಇರುವ ಮೇಷ್ಟ್ರು. 2019ರ ತಿದ್ದುಪಡಿ ಆದ ಮೇಲೆ ರಾಜ್ಯದ ಯಾವ ಆರ್‌ಟಿಒದಲ್ಲಾದರೂ ಲೈಸೆನ್ಸಿಗೆ ಅರ್ಜಿ ಹಾಕಬಹುದು, ದಾವಣಗೆರೆಗೇ ಹೋಗಬೇಕು ಅಂತಿಲ್ಲ. ಆ 800 ಇನ್ನೂ ಅಲ್ಲೇ ನಿಂತಿದೆ. ಮೊನ್ನೆ ಹೋದಾಗ ಅದರ ಮೇಲೆ ಯಾರೋ ಜೋಳದ ತೆನೆ ಒಣಗಲು ಹರವಿದ್ದರು.