ಹಳೆ ಎಸ್‌ಯುವಿಗೆ ಕ್ಯಾರವಾನ್ ಕಟ್ಟುವ ಮೊದಲು: ತೂಕ, ಬ್ರೇಕ್, ಬಿಸಿಯ ಲೆಕ್ಕಾಚಾರ

ನವೆಂಬರ್ ಬಂತೆಂದರೆ ಗಲ್ಫ್‌ನಲ್ಲಿ ಸೆಖೆ ಇಳಿದು ಕ್ಯಾಂಪಿಂಗ್ ಸೀಸನ್ ಶುರುವಾಗುತ್ತದೆ. ಕುವೈತ್‌ನ ಮರುಭೂಮಿ, ಕತರ್‌ನ ಸೀಲೈನ್ ಕಡಲ ತೀರ, ಸೌದಿ ಮತ್ತು ಯುಎಇಯ ಮರಳುಗಾಡಿನ ಕಡೆಗೆ ಕ್ಯಾರವಾನ್, ಜೆಟ್ ಸ್ಕೀ, ಬೋಟ್ ಹೊತ್ತ ಟ್ರೈಲರ್‌ಗಳು ಸಾಲು ಹಿಡಿಯುತ್ತವೆ. ಅವನ್ನು ಎಳೆಯುವುದು ಹೆಚ್ಚಾಗಿ ಹತ್ತು-ಹದಿನೈದು ವರ್ಷ ದಾಟಿದ ಲ್ಯಾಂಡ್ ಕ್ರೂಸರ್, ಪೆಟ್ರೋಲ್, ತಾಹೋ ಇಂಥ ಗಾಡಿಗಳು. ಸ್ಟೇರಿಂಗ್ ಹಿಡಿದವರಲ್ಲಿ ನಮ್ಮ ಕರಾವಳಿಯ ಹೌಸ್ ಡ್ರೈವರ್‌ಗಳೂ ಇರುತ್ತಾರೆ, ಸ್ವಂತ ಗಾಡಿಯಲ್ಲಿ ಮಡದಿ ಮಕ್ಕಳನ್ನು ಕರೆದೊಯ್ಯುವವರೂ ಇರುತ್ತಾರೆ.

"ಇದು ಎರಡೂವರೆ ಟನ್ ಎಳೆಯುವ ಗಾಡಿ, ಏನೂ ಆಗಲ್ಲ" ಎಂಬುದು ಸಾಮಾನ್ಯವಾಗಿ ಕೇಳಿ ಬರುವ ಮಾತು. ಆದರೆ ಎಳೆಯುವ ಶಕ್ತಿಯೊಂದೇ ಸಾಕಾಗಲ್ಲ. ಹಿಂದಿನ ಭಾರವನ್ನು ಹೊರುವುದು, ತಂಪಾಗಿ ಉಳಿಯುವುದು, ಬೇಕಾದಾಗ ನಿಲ್ಲುವುದು ಈ ಮೂರರಲ್ಲೇ ಹಳೆ ಗಾಡಿ ಮೊದಲು ಸೋಲುತ್ತದೆ.

ಕಂಪೆನಿ ಹೇಳಿದ ಸಂಖ್ಯೆಯ ಅರ್ಥ

ಗಾಡಿಯ ಕೈಪಿಡಿಯಲ್ಲಿರುವ ಎಳೆಯುವ ಸಾಮರ್ಥ್ಯ ಹೊಸ ಗಾಡಿಗೆ ಹೇಳಿದ್ದು. ಹಳೆ ಅಮೆರಿಕನ್ ಮಾದರಿಗಳ ವಿಷಯದಲ್ಲಿ ಇನ್ನೊಂದು ಸಂಗತಿಯೂ ಇದೆ. ಹಿಂದೆ ಪ್ರತಿಯೊಂದು ಕಂಪೆನಿ ತನಗೆ ಬೇಕಾದ ರೀತಿಯಲ್ಲಿ ಪರೀಕ್ಷೆ ಮಾಡಿ ಈ ಸಂಖ್ಯೆ ಕೊಡುತ್ತಿತ್ತು. ಆಮೇಲೆ ಎಸ್‌ಎಇ ಜೆ2807 ಎಂಬ ಸಮಾನ ಮಾನದಂಡ ಬಂತು. ಟೊಯೊಟಾ ಕಂಪೆನಿ 2011ರ ಮಾದರಿಗಳಿಂದ ಇದನ್ನು ಮೊದಲು ಅಳವಡಿಸಿಕೊಂಡಿತು, ಉಳಿದವರು ನಿಧಾನಕ್ಕೆ ಬಂದರು. ಅಮೆರಿಕದ ಅರಿಝೋನಾ ರಾಜ್ಯದ ಡೇವಿಸ್ ಡ್ಯಾಂ ಬಳಿಯ ಉದ್ದನೆಯ ಏರು ರಸ್ತೆ ಈ ಪರೀಕ್ಷೆಗೆ ಆಧಾರ. ಸುಮಾರು 38 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಎಸಿ ಪೂರ್ತಿ ಹಾಕಿಕೊಂಡು, ಪೂರ್ಣ ಭಾರದೊಂದಿಗೆ ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದ ವೇಗದಲ್ಲಿ ಗಾಡಿ ಏರಬೇಕು. ಈ ಮಾನದಂಡಕ್ಕೆ ಬಂದಾಗ ಟೊಯೊಟಾದ್ದೇ ಟುಂಡ್ರಾ ಪಿಕಪ್‌ನ ಘೋಷಿತ ಸಾಮರ್ಥ್ಯ ಕಡಿಮೆಯಾಯಿತು. ಗಾಡಿ ಬದಲಾಗಿರಲಿಲ್ಲ, ಅಳತೆ ಬದಲಾಗಿತ್ತು.

ಹಾಗಾಗಿ ಅದಕ್ಕಿಂತ ಹಳೆಯ ಗಾಡಿಯ ಸಂಖ್ಯೆಯನ್ನು ಹೊಸ ಗಾಡಿಯ ಸಂಖ್ಯೆಯ ಜೊತೆ ಹೋಲಿಸಬಾರದು. ಹಳೆ ಗಾಡಿಗೆ ಘೋಷಿತ ಮಿತಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕಟ್ಟದಿರುವುದು ಜಾಣತನ.

ತೂಕದ ಲೆಕ್ಕ ಹೇಗೆ?

ಟ್ರೈಲರ್‌ನ ಮೂತಿ ಗಾಡಿಯ ಹಿಚ್ ಮೇಲೆ ಕೂರುತ್ತದೆ. ತುಂಬಿದ ಟ್ರೈಲರ್ ತೂಕದ ಶೇ. 10ರಿಂದ 15ರಷ್ಟು ಭಾರ ಅಲ್ಲಿ ಬೀಳಬೇಕು ಎಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಲೆಕ್ಕ. ಯುರೋಪಿನ ಹಗುರ ಕ್ಯಾರವಾನ್‌ಗಳಿಗೆ ಇದು ಕಡಿಮೆ. ಹಿಚ್ ಮೇಲೆ ಭಾರ ಕಡಿಮೆಯಾದರೆ ಟ್ರೈಲರ್ ಬಾಲದ ಹಾಗೆ ಅತ್ತಿತ್ತ ಬೀಸುತ್ತದೆ. ಹೆಚ್ಚಾದರೆ ಗಾಡಿಯ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ, ಸ್ಟೇರಿಂಗ್ ಹಿಡಿತ ತಪ್ಪುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ.

ಹೆಚ್ಚಿನವರು ಮರೆಯುವುದು ಏನೆಂದರೆ, ಈ ಭಾರ ಗಾಡಿಯೊಳಗಿನ ಜನ ಮತ್ತು ಲಗೇಜಿನ ಲೆಕ್ಕಕ್ಕೇ ಸೇರುತ್ತದೆ. ಒಂದು ಉದಾಹರಣೆ ನೋಡಿ.

ಖಾಲಿ ಕ್ಯಾರವಾನ್ 1,600 ಕೆಜಿ. ಟ್ಯಾಂಕಿಗೆ 120 ಲೀಟರ್ ನೀರು ಅಂದರೆ 120 ಕೆಜಿ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಜನರೇಟರ್, ಟೆಂಟ್, ಪಾತ್ರೆ, ಸಾಮಾನು 280 ಕೆಜಿ. ಒಟ್ಟು 2,000 ಕೆಜಿ. ಎಳೆಯುವ ಮಿತಿ 2,500 ಕೆಜಿ ಇದ್ದರೆ ಇಲ್ಲಿಯವರೆಗೆ ಎಲ್ಲಾ ಸರಿ ಇದ್ದ ಹಾಗೆ ಕಾಣುತ್ತದೆ. ಶೇ. 12ರಂತೆ ಹಿಚ್ ಮೇಲೆ ಬೀಳುವುದು 240 ಕೆಜಿ.

ಈಗ ಗಾಡಿಯ ಲೆಕ್ಕ. ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರ್ ಪ್ರಕಾರ ಅದು ಹೊರಬಹುದಾದದ್ದು 600 ಕೆಜಿ ಎಂದಿಟ್ಟುಕೊಳ್ಳಿ. ಐದು ಮಂದಿ 350 ಕೆಜಿ, ಡಿಕ್ಕಿಯ ಸಾಮಾನು 80, ಹಿಚ್ ಮತ್ತು ಅದರ ಕಬ್ಬಿಣ 25. ಒಟ್ಟು 455. ಇದಕ್ಕೆ 240 ಸೇರಿಸಿದರೆ 695 ಕೆಜಿ. ಎಳೆಯುವ ಮಿತಿಯೊಳಗೇ ಇದ್ದ ಗಾಡಿ ಹೊರುವ ಮಿತಿಯನ್ನು 95 ಕೆಜಿಯಷ್ಟು ದಾಟಿತು!

ಡಿಕ್ಕಿಯ ಸಾಮಾನನ್ನು ಕ್ಯಾರವಾನ್‌ಗೆ ಹಾಕಿದರೆ ಸಾಕಾ? ಸಾಕಾಗಲ್ಲ. ಆಗ ಕ್ಯಾರವಾನ್ 2,080 ಕೆಜಿ ಆಗಿ ಹಿಚ್ ಭಾರ ಸುಮಾರು 250ಕ್ಕೆ ಏರುತ್ತದೆ, ಗಾಡಿಯ ಮೇಲೆ 625 ಉಳಿಯುತ್ತದೆ. ನೀರನ್ನು ಕ್ಯಾಂಪ್ ಹತ್ತಿರವೇ ತುಂಬಿಸಿಕೊಂಡು, ಒಬ್ಬರೋ ಇಬ್ಬರೋ ಬೇರೆ ಕಾರಿನಲ್ಲಿ ಬಂದರೆ ಮಾತ್ರ ಲೆಕ್ಕ ಸರಿ ಹೋಗುತ್ತದೆ.

ಅಂದಾಜಿನಲ್ಲಿ ಹೋಗುವುದು ಬೇಡ. ವೇಬ್ರಿಡ್ಜ್‌ನಲ್ಲಿ ಜನ, ಸಾಮಾನು ಸಮೇತ ಗಾಡಿಯನ್ನು ಮಾತ್ರ ತೂಗಿ. ಮತ್ತೆ ಟ್ರೈಲರ್ ಕಟ್ಟಿ, ಟ್ರೈಲರ್‌ನ ಚಕ್ರ ಹೊರಗೆ ಉಳಿಯುವಂತೆ ನಿಲ್ಲಿಸಿ ತೂಗಿ. ಎರಡರ ವ್ಯತ್ಯಾಸವೇ ಹಿಚ್ ಭಾರ. ಆಮೇಲೆ ಎಲ್ಲವನ್ನೂ ಒಟ್ಟಿಗೆ ತೂಗಿದರೆ ಪೂರ್ತಿ ತೂಕ ಸಿಗುತ್ತದೆ. ಭಾರವಾದ ಸಾಮಾನು ಟ್ರೈಲರ್‌ನ ಆಕ್ಸಲ್ ಹತ್ತಿರ, ಸ್ವಲ್ಪ ಮುಂದಕ್ಕೆ, ನೆಲಕ್ಕೆ ತಾಗಿಕೊಂಡಿರಲಿ. ಹಿಂಬದಿಗೆ ಜನರೇಟರ್ ಕಟ್ಟುವುದು ಅಪಾಯಕಾರಿ.

ಭಾರ ಹಂಚುವ ಹಿಚ್ ಹಾಕಿದರೆ ಮುಂದಿನ ಚಕ್ರಕ್ಕೆ ಸ್ವಲ್ಪ ಭಾರ ವಾಪಸ್ ಬರುತ್ತದೆ, ಗಾಡಿ ಸಮತಟ್ಟಾಗುತ್ತದೆ. ಆದರೆ ಅದರಿಂದ ಗಾಡಿಯ ಮಿತಿ ಹೆಚ್ಚಾಗುವುದಿಲ್ಲ. ಎಲ್ಲಾ ಗಾಡಿಗಳಿಗೆ ಅದು ಹೊಂದುವುದೂ ಇಲ್ಲ, ಕೈಪಿಡಿ ನೋಡಿಯೇ ಹಾಕಬೇಕು.

ಬಿಸಿಯೇ ದೊಡ್ಡ ಶತ್ರು

ಆಟೊಮ್ಯಾಟಿಕ್ ಗಾಡಿಯಲ್ಲಿ ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಭಾರ ಎಳೆಯುವಾಗ ಅದು ಜಾರುತ್ತದೆ, ಆ ಜಾರಿಕೆಯೆಲ್ಲ ಗೇರ್ ಆಯಿಲ್‌ನ ಬಿಸಿಯಾಗುತ್ತದೆ. ಮೆತ್ತಗಿನ ಮರಳಲ್ಲಿ ಇದು ಇನ್ನೂ ಜಾಸ್ತಿ. ಆಯಿಲ್ ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟ್ ಸವೆದಿದೆ ಎಂದರ್ಥ. ಆ ಗಾಡಿಗೆ ಕ್ಯಾರವಾನ್ ಕಟ್ಟಲೇಬಾರದು.

ಮಾಡಬೇಕಾದ್ದು ಇಷ್ಟು. ಗೇರ್ ಆಯಿಲ್ ಬದಲಿಸಿ, ಪ್ರತ್ಯೇಕ ಆಯಿಲ್ ಕೂಲರ್ ಅಳವಡಿಸಿ. ಬಿಸಿ ತೋರಿಸುವ ಮೀಟರ್ ಹಾಕಿದರೆ ಇನ್ನೂ ಒಳ್ಳೆಯದು. ಗೇರ್ ಮತ್ತೆ ಮತ್ತೆ ಮೇಲೆ ಕೆಳಗೆ ಬೀಳುತ್ತಿದ್ದರೆ ಓವರ್‌ಡ್ರೈವ್ ಆಫ್ ಮಾಡಿ ಒಂದೇ ಗೇರಿನಲ್ಲಿ ಓಡಿಸಿ.

ರೇಡಿಯೇಟರ್ ಕಡೆಯೂ ಗಮನ ಬೇಕು. ಹಳೆ ರೇಡಿಯೇಟರ್‌ನ ಪ್ಲಾಸ್ಟಿಕ್ ಟ್ಯಾಂಕ್ ಬಿಸಿಗೆ ಗಡುಸಾಗಿ ಬಿರುಕು ಬಿಡುತ್ತದೆ. ರಬ್ಬರ್ ಹೋಸ್, ಬೆಲ್ಟ್, ಫ್ಯಾನ್ ಕ್ಲಚ್ ಮೂರನ್ನೂ ಪರೀಕ್ಷಿಸಿ. ಅನೇಕ ಗಾಡಿಗಳಲ್ಲಿ ಗೇರ್ ಆಯಿಲ್ ತಂಪಾಗುವುದು ರೇಡಿಯೇಟರ್ ಒಳಗಿನ ಕೊಳವೆಯಲ್ಲಿ. ಅದು ತೂತಾದರೆ ನೀರು ಗೇರ್‌ಬಾಕ್ಸ್ ಸೇರಿ, ಆಯಿಲ್ ಗುಲಾಬಿ ಬಣ್ಣದ ಹಾಲಿನ ಹಾಗೆ ಆಗುತ್ತದೆ. ಅಂಥ ಆಯಿಲ್ ಕಂಡರೆ ಗಾಡಿ ಅಲ್ಲೇ ನಿಲ್ಲಿಸಬೇಕು.

ನಿಲ್ಲಿಸುವ ಶಕ್ತಿ

ತೂಕ ಎರಡು ಪಟ್ಟಾದರೆ ಬ್ರೇಕ್ ಹೀರಬೇಕಾದ ಶಕ್ತಿಯೂ ಎರಡು ಪಟ್ಟು. ವೇಗ 80ರಿಂದ 100ಕ್ಕೆ ಏರಿದರೆ ಆ ಶಕ್ತಿ ಶೇ. 56ರಷ್ಟು ಹೆಚ್ಚುತ್ತದೆ. ಗಾಡಿಯ ಬ್ರೇಕ್ ಮಾಡಿರುವುದು ಆ ಗಾಡಿಗೆ, ಹಿಂದಿನ ಎರಡು ಟನ್‌ಗೆ ಅಲ್ಲ. ಆಸ್ಟ್ರೇಲಿಯಾದ ನಿಯಮ ಇಲ್ಲಿ ಒಳ್ಳೆಯ ಅಳತೆಗೋಲು: 750 ಕೆಜಿ ದಾಟಿದ ಟ್ರೈಲರ್‌ಗೆ ಸ್ವಂತ ಬ್ರೇಕ್ ಬೇಕು. 2,000 ಕೆಜಿ ದಾಟಿದರೆ ಎಲ್ಲಾ ಚಕ್ರಕ್ಕೂ ಬ್ರೇಕ್, ಜೊತೆಗೆ ಟ್ರೈಲರ್ ಕಳಚಿಕೊಂಡರೆ ತಾನಾಗಿ ಬ್ರೇಕ್ ಹಿಡಿಯುವ ವ್ಯವಸ್ಥೆ ಕಡ್ಡಾಯ.

ಕ್ಯಾರವಾನ್‌ಗೆ ಇಲೆಕ್ಟ್ರಿಕ್ ಬ್ರೇಕ್ ಇದ್ದರೆ ಗಾಡಿಯಲ್ಲಿ ಅದರ ಕಂಟ್ರೋಲರ್ ಇರಲೇಬೇಕು. ಕಂಟ್ರೋಲರ್ ಇಲ್ಲದೆ ವೈರ್ ಮಾತ್ರ ಜೋಡಿಸಿದರೆ ಲೈಟ್ ಉರಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಗಾಡಿಯ ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಅದು ಗಾಳಿಯ ತೇವ ಹೀರುತ್ತದೆ. ಇಳಿಜಾರಿನಲ್ಲಿ ಬಿಸಿಯಾಗಿ ಕುದಿದರೆ ಪೆಡಲ್ ಒತ್ತಿದಷ್ಟೂ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಶಿರಾಡಿ ಘಾಟಿಯ ಲಾರಿ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯಬೇಕು ಎನ್ನುತ್ತಾರೆ. ತಾಯಿಫ್‌ನಿಂದ ಮಕ್ಕಾ ಕಡೆ ಇಳಿಯುವ ಅಲ್ ಹದಾ ರಸ್ತೆಗೂ, ರಾಸ್ ಅಲ್ ಖೈಮಾದ ಜಬಲ್ ಜೈಸ್‌ಗೂ ಅದೇ ಮಾತು ಅನ್ವಯ. ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಹಾಕಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಡಿ, ತಣಿಯಲು ಸಮಯ ಕೊಡಿ.

ಟ್ರೈಲರ್ ಬೀಸಲು ಶುರುವಾದರೆ

ದೊಡ್ಡ ಲಾರಿ ಓವರ್‌ಟೇಕ್ ಮಾಡಿದಾಗ, ಅಡ್ಡ ಗಾಳಿ ಬಂದಾಗ ಟ್ರೈಲರ್ ಅತ್ತಿತ್ತ ಬೀಸಬಹುದು. ಆಗ ಗಾಬರಿಯಿಂದ ಗಾಡಿಯ ಬ್ರೇಕ್ ಒತ್ತಿದರೆ ಹಿಂದಿನ ಭಾರ ಮುಂದಕ್ಕೆ ನೂಕಿ ಗಾಡಿ ಅಡ್ಡ ತಿರುಗುತ್ತದೆ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಎನ್ನುವುದೂ ತಪ್ಪು. ಎಕ್ಸಲೇಟರ್‌ನಿಂದ ಕಾಲು ತೆಗೆಯಿರಿ, ಸ್ಟೇರಿಂಗ್ ನೇರ ಹಿಡಿಯಿರಿ, ಕಂಟ್ರೋಲರ್‌ನ ಕೈ ಲಿವರ್‌ನಿಂದ ಟ್ರೈಲರ್ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಿ. ಆಮೇಲೆ ಬದಿಗೆ ನಿಲ್ಲಿಸಿ ಸಾಮಾನು ಮುಂದಕ್ಕೆ ಸರಿಸಿ. ಇನ್ನು ಮುಂದೆ ವೇಗ ಕಡಿಮೆ ಇರಲಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೈಲರ್ ಎಳೆಯುವ ಗಾಡಿಗೆ ಮಿತಿ ಗಂಟೆಗೆ 55 ಮೈಲಿ, ಅಂದರೆ 88 ಕಿ.ಮೀ. ಮಾತ್ರ.

ಹಳೆ ಗಾಡಿ ಖರೀದಿಸುವವರಿಗೆ

ಶಾರ್ಜಾದ ಹಳೆ ಗಾಡಿ ಮಾರುಕಟ್ಟೆಗೆ ಅಮೆರಿಕದಿಂದ ಬಂದ ಎಸ್‌ಯುವಿಗಳೂ ಬರುತ್ತವೆ. ಅವುಗಳಲ್ಲಿ ಕೆಲವು ಅಪಘಾತವಾಗಿ ರಿಪೇರಿಯಾದವು. ಎಳೆಯುವ ಕೆಲಸಕ್ಕಾದರೆ ಪೇಂಟ್‌ಗಿಂತ ಮೊದಲು ಅಡಿಗೆ ಬಗ್ಗಿ ನೋಡಿ. ಹಿಚ್ ಕೂರುವ ಚಾಸಿಸ್ ತುದಿಯಲ್ಲಿ ವೆಲ್ಡಿಂಗ್ ಗುರುತು, ತುಕ್ಕು, ಉದ್ದವಾದ ಬೋಲ್ಟ್ ರಂಧ್ರ ಇದ್ದರೆ ಬಿಟ್ಟುಬಿಡಿ. ಗಾಡಿಯ ಇನ್ಶೂರೆನ್ಸ್ ಟ್ರೈಲರ್‌ನಿಂದ ಆಗುವ ಹಾನಿಯನ್ನೂ ಭರಿಸುತ್ತದೆಯೇ ಎಂದು ಬರಹದಲ್ಲೇ ಕೇಳಿಕೊಳ್ಳಿ. ಕಫೀಲ್‌ನ ಗಾಡಿ ಓಡಿಸುವ ಹೌಸ್ ಡ್ರೈವರ್‌ಗಳು ಇದನ್ನು ಕೇಳಲು ಸಂಕೋಚ ಪಡಬಾರದು. ಬ್ರೇಕ್ ಇಲ್ಲದ ಟ್ರೈಲರ್ ಬಗ್ಗೆ ಹೊರಡುವ ಮೊದಲೇ ಹೇಳುವುದು ಅವರ ಹಕ್ಕು, ಅದರಲ್ಲಿ ಅವರದೇ ರಕ್ಷಣೆ ಇದೆ.

ಊರಿನಲ್ಲಿ ಟ್ರೈಲರ್ ಮಾಡಿಸುವ ಯೋಚನೆ ಇರುವವರಿಗೆ ಒಂದು ಮಾತು: ಭಾರತದ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಕೂಡಾ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು.

ಹೊರಡುವ ಮೊದಲು ನೋಡಬೇಕಾದ್ದು

* ಹಿಚ್ ಬಾಲ್ ಗಾತ್ರ. 50 ಮಿ.ಮೀ. ಮತ್ತು 2 ಇಂಚು ಕಣ್ಣಿಗೆ ಒಂದೇ ಥರ ಕಂಡರೂ ಒಂದೇ ಅಲ್ಲ. ಬಾಲ್ ಮೇಲೆ ಕೆತ್ತಿರುವ ಅಳತೆ ಓದಿ.
* ಸುರಕ್ಷತಾ ಸರಪಳಿ ಎರಡೂ ಅಡ್ಡಡ್ಡ ಹಾದಿರಲಿ. ಮೂತಿ ಕಳಚಿದರೆ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ನಿಲ್ಲುತ್ತದೆ.
* ಟಯರ್ ವಯಸ್ಸು. ಬದಿಯ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದ ಟಯರ್. ವರ್ಷವಿಡೀ ಬಿಸಿಲಲ್ಲಿ ನಿಂತ ಟ್ರೈಲರ್ ಟಯರ್ ಗುಂಡಿ ಸವೆಯದಿದ್ದರೂ ಒಳಗೆ ಸತ್ತಿರುತ್ತದೆ.
* ಗಾಳಿ ಒತ್ತಡ ಟಯರ್ ತಣ್ಣಗಿರುವಾಗಲೇ ನೋಡಿ. ಮರಳಿಗಾಗಿ ಇಳಿಸಿದ್ದರೆ ಡಾಂಬರು ರಸ್ತೆಗೆ ಬರುವ ಮೊದಲು ಮತ್ತೆ ತುಂಬಿಸಿ.
* ಚಕ್ರದ ಬೇರಿಂಗ್‌ಗೆ ಗ್ರೀಸ್. ಮೊದಲ ನಿಲುಗಡೆಯಲ್ಲಿ ಹಬ್ ಹತ್ತಿರ ಕೈ ಹಿಡಿದು ನೋಡಿ, ಒಂದು ಉಳಿದವುಗಳಿಗಿಂತ ಹೆಚ್ಚು ಬಿಸಿಯಿದ್ದರೆ ಮುಂದೆ ಹೋಗಬೇಡಿ.
* ಬ್ರೇಕ್ ಲೈಟ್, ಇಂಡಿಕೇಟರ್, ಅಗಲದ ಕನ್ನಡಿ.
* ಖಾಲಿ ಜಾಗದಲ್ಲಿ ಗಂಟೆಗೆ 20-30 ಕಿ.ಮೀ. ವೇಗದಲ್ಲಿ ಕೈ ಲಿವರ್ ಹಾಕಿ ನೋಡಿ. ಟ್ರೈಲರ್ ಹಿಂದಿನಿಂದ ಎಳೆದ ಹಾಗೆ ಅನಿಸಬೇಕು. ಅನಿಸದಿದ್ದರೆ ಅವತ್ತಿನ ಪ್ರಯಾಣ ಬೇಡ.