ಊರಾಚೆಯ ಹೆಂಡದಂಗಡಿ

ಇಂಗ್ಲೆಂಡಿನ ಹಳ್ಳಿಯಲ್ಲಿ ಪಬ್ಬು ಊರ ನಡುವೆ, ಇಗರ್ಜಿಯ ಪಕ್ಕದಲ್ಲೇ ಇರುವುದುಂಟು. ಅದಕ್ಕೊಂದು ಹೆಸರು, ಬಾಗಿಲ ಮೇಲೊಂದು ಚಿತ್ರಫಲಕ, ಊರವರು ಅಭಿಮಾನದಿಂದ ಹೇಳುವ ಚರಿತ್ರೆ. ಕುಣಿಗಲ್ ಸೀಮೆಯಲ್ಲಿ ದುಡಿದು ದಣಿದವರು ಸಂಜೆ ಸೇರುತ್ತಿದ್ದುದು ಹೆಂಡದಂಗಡಿಯಲ್ಲಿ. ಅದರ ಜಾಗ ಊರಾಚೆ. ಚರಿತ್ರೆ ಹೇಳುವವರೂ ಕಡಿಮೆ.

ಹಾಗೆಂದು ಅದು ನಿನ್ನೆ ಮೊನ್ನೆಯದಲ್ಲ. 12ನೇ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೂ ಒಬ್ಬ. ಹೆಂಡ ಮಾರುವುದೇ ಆತನ ಕಾಯಕ.

ಬಯಲುಸೀಮೆಯಲ್ಲಿ ಹೆಂಡದ ಮೂಲ ಹಳ್ಳದ ದಂಡೆಯ ಈಚಲು ಮರ. ಸುಳಿಯ ಕೆಳಗೆ ಕೆತ್ತಿ ಸಂಜೆ ಗಡಿಗೆ ಕಟ್ಟಿದರೆ ಬೆಳಗಿನೊಳಗೆ ಸಿಹಿ ನೀರಾ ಇಳಿಯುತ್ತದೆ. ಬಿಸಿಲೇರಿದಂತೆ ಅದೇ ಹುದುಗಿ ಹೆಂಡವಾಗುತ್ತದೆ. ಮರುದಿನಕ್ಕೆ ಬಾಯಿಗಿಡಲಾಗದಷ್ಟು ಹುಳಿ. ದೂರ ಸಾಗಿಸಲು ಬಾರದ್ದರಿಂದಲೇ ಮರವಿದ್ದ ಕಡೆ ಅಂಗಡಿ ಹುಟ್ಟಿತು, ಈಡಿಗರಿಗೆ ಕಸುಬಾಯಿತು.

ಇಂಗ್ಲೆಂಡಿನಲ್ಲಿ 1830ರ ಬಿಯರ್ ಕಾಯಿದೆ, ಎರಡು ಗಿನಿ ಶುಲ್ಕ ಕಟ್ಟಿದ ಮನೆಯೊಡೆಯ ತನ್ನ ಮನೆಯಲ್ಲೇ ಬಿಯರ್ ಮಾರಬಹುದೆಂದಿತು. ಇಲ್ಲಿ ಅಂಗಡಿಗಳು ಹರಾಜಿಗೆ ಬಂದು ಗುತ್ತಿಗೆದಾರರ ಪಾಲಾದವು. ಮೈಸೂರು ಸಂಸ್ಥಾನಕ್ಕೆ ಅಬಕಾರಿ ದೊಡ್ಡ ವರಮಾನವಾಯಿತು.

1939ರಲ್ಲಿ ಪಕ್ಕದ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪ ಮತ್ತು ಸಂಗಡಿಗರು ಈಚಲು ಮರ ಕಡಿದು ಸತ್ಯಾಗ್ರಹ ನಡೆಸಿದರು. ಸ್ವಾತಂತ್ರ್ಯ ಬಂದ ಮೇಲೆ ಪಾನನಿರೋಧವೂ ಬಂತು. 1967ರಲ್ಲಿ ರಾಜ್ಯ ಅದನ್ನು ಕೈಬಿಟ್ಟಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪ! ಆದರ್ಶಕ್ಕಿಂತ ಬೊಕ್ಕಸ ಭಾರವಾಗಿತ್ತು.

ಮುಂದೆ ಸಾರಾಯಿ ಹಳ್ಳಿ ಹಳ್ಳಿಗೂ ಹಬ್ಬಿತು. ಹೆಂಡಕ್ಕೆ ಮತ್ತಿನ ರಾಸಾಯನಿಕ ಬೆರೆಸುವ ದಂಧೆ ಬೆಳೆಯಿತು. ಕೂಲಿಯ ಹಣ ಅಂಗಡಿಯಲ್ಲೇ ಕರಗಿದಾಗ ಒಲೆ ಹೊತ್ತದ ಮನೆಗಳ ಹೆಂಗಸರು ಬೀದಿಗಿಳಿದರು. 2004ರಲ್ಲಿ ಕರಾವಳಿ ಜಿಲ್ಲೆಗಳ ಹೊರತು ಇತರೆಡೆ ಹೆಂಡ ನಿಂತಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು.

ಕುಡಿತ ಮಾತ್ರ ನಿಲ್ಲಲಿಲ್ಲ. ಹೆಂಡದ ಜಾಗಕ್ಕೆ ಬಂದದ್ದು ಕಾರ್ಖಾನೆಯ ಮೊಹರಿನ ಬಾಟಲಿ. ಅದು ಹುಳಿಯುವುದಿಲ್ಲ, ಎಷ್ಟು ದೂರವಾದರೂ ಹೋಗುತ್ತದೆ. ಅದರ ಲಾಭವೂ ಊರಲ್ಲಿ ಉಳಿಯುವುದಿಲ್ಲ. ಹಳೆಯ ಅಂಗಡಿ ಮುಚ್ಚಿದ್ದಕ್ಕೆ ಅತ್ತವರಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಆದರೆ ಒಲೆಯ ಹಣ ಉಳಿಸಲು ಹೊರಟ ಕಾಯಿದೆ ಮರ ಹತ್ತುವವನ ಕಸುಬನ್ನು ಮುಗಿಸಿತು. ಒಲೆಯ ಹಣವನ್ನು ಉಳಿಸಿತೇ ಎಂಬ ಪ್ರಶ್ನೆ ಹಾಗೆಯೇ ಇದೆ. ಹಳ್ಳದ ದಂಡೆಯ ಈಚಲು ಈಗ ಪೊರಕೆಗೆ, ಚಾಪೆಗೆ.