ಬಯಕೆ ಯಾರದ್ದು, ಬುತ್ತಿ ಯಾರದ್ದು

ಆಶ್ವಯುಜ ಹುಣ್ಣಿಮೆಯ ಹಿಂದಿನ ರಾತ್ರಿ ಸಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆಯ ರೈತರ ಮನೆಗಳಲ್ಲಿ ಹೆಂಗಸರಿಗೆ ನಿದ್ದೆಯಿಲ್ಲ. ಗದ್ದೆಯಲ್ಲಿ ಭತ್ತ ಹೊಡೆಯಾಗಿದೆ, ಅಂದರೆ ಭೂಮಿಗೆ ಬಸಿರು. ಬಸುರಿಗೆ ಬಯಕೆ ತೀರಿಸಬೇಕು. ಕೊಟ್ಟೆ ಕಡುಬು, ಚೀನಿಕಾಯಿ ಕಡುಬು, ಪಲ್ಯ, ಪಾಯಸ ಎಲ್ಲ ಬೆಳಕು ಹರಿಯುವುದರೊಳಗೆ ಆಗಬೇಕು. ಇವುಗಳ ಜೊತೆಗೆ ಹಿತ್ತಲು, ಬೇಲಿ, ಕಾಡಿನಿಂದ ತಂದ ಹತ್ತಾರು ಬಗೆಯ ಸೊಪ್ಪು, ಅಮಟೆಕಾಯಿ ಮುಂತಾದವನ್ನು ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಅದೆಲ್ಲ ಗದ್ದೆಗೆ ಹೋಗುತ್ತದೆ. ಸಸಿಗೆ ಪೂಜೆಯಾದ ಮೇಲೆ ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತಾರೆ. ಆಮೇಲೆ ಮನೆಯವರೆಲ್ಲ ಗದ್ದೆಯ ಅಂಚಿನಲ್ಲೇ ಕೂತು ಉಣ್ಣುತ್ತಾರೆ. ಧಾರವಾಡದ ಕಡೆ ಇದೇ ಹುಣ್ಣಿಮೆ ಸೀಗಿ ಹುಣ್ಣಿಮೆ, ಅಲ್ಲಿ ಚರಗ ಚೆಲ್ಲುತ್ತಾರೆ.

ಭೂಮಿ ಹುಣ್ಣಿಮೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಬುಟ್ಟಿಯ ಚಿತ್ತಾರಕ್ಕೆ ಮರುಳಾಗುತ್ತಾರೆ. ದೀವರ ಹೆಂಗಸರ ಆ ಕೈಚಳಕಕ್ಕೆ ಮರುಳಾಗಬೇಕಾದ್ದೇ. ನನಗೆ ಹೆಚ್ಚು ಕಾಡುವುದು ಬುಟ್ಟಿಯೊಳಗಿನ ಪ್ರಶ್ನೆ. ನಿನಗೇನು ಇಷ್ಟ ಎಂದು ನಮ್ಮ ಹಬ್ಬಗಳು ಯಾರನ್ನು ಕೇಳುತ್ತ ಬಂದಿವೆ?

ಬರಹದಲ್ಲಿ ಹುಡುಕಿದರೆ ಮೊದಲು ಸಿಗುವವನು ಅರಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗ ಎಂಬ ಭಾಗವೇ ಇದೆ. ಇಡ್ಲಿ, ದೋಸೆ, ವಡೆಗಳ ಪೂರ್ವಜರಿಂದ ಹಿಡಿದು ಹೊಲದ ಇಲಿಯ ಅಡುಗೆಯವರೆಗೆ ಅರಸನ ನಾಲಿಗೆಗೆ ಹಿತವಾದದ್ದೆಲ್ಲ ಅಲ್ಲಿದೆ. ಸುಮಾರು 1508ರಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ ಪೂರ್ತಿ ಸಸ್ಯಾಹಾರದ್ದು, ಬದನೆ, ಹಲಸುಗಳ ಅಡುಗೆಯ ಪುಸ್ತಕ. ದಿನವೂ ಒಲೆ ಉರಿಸಿದವರು ಬೇರೆ, ಅದರ ಶಾಸ್ತ್ರ ಬರೆದವರು ಬೇರೆ. ಒಲೆಯ ಮುಂದಿದ್ದವರ ನಾಲಿಗೆಯ ಸುದ್ದಿ ಎರಡರಲ್ಲೂ ಇಲ್ಲ.

ಅರಸನ ನಂತರ ದೇವರು. ಸಿರಸಿಗೆ ಹತ್ತಿರದ ಸೋಂದೆಯಲ್ಲಿ, ಅರಸಪ್ಪ ನಾಯಕನ ಕಾಲದಲ್ಲಿ ನೆಲೆಸಿದ್ದ ವಾದಿರಾಜರ ಕಥೆಯನ್ನು ನಮ್ಮ ಕಡೆ ಕೇಳದವರು ಕಡಿಮೆ. ಬೇಯಿಸಿದ ಕಡಲೆಗೆ ಬೆಲ್ಲ, ಕಾಯಿ, ತುಪ್ಪ ಬೆರೆಸಿ ತಲೆಯ ಮೇಲಿಟ್ಟುಕೊಂಡು ಅವರು ಕೂರುತ್ತಿದ್ದರಂತೆ. ಹಯಗ್ರೀವ ದೇವರು ಬಿಳಿ ಕುದುರೆಯಾಗಿ ಹಿಂದಿನಿಂದ ಬಂದು, ಮುಂಗಾಲುಗಳನ್ನು ಅವರ ಹೆಗಲ ಮೇಲಿಟ್ಟು ತಿನ್ನುತ್ತಿದ್ದನಂತೆ. ಕುದುರೆಗೆ ಕಡಲೆ ಇಷ್ಟ ಎಂಬ ಲಾಯದ ತಿಳಿವಳಿಕೆ ಇಲ್ಲಿ ನೈವೇದ್ಯದ ಪಾಕವಾಗಿಬಿಟ್ಟಿದೆ. ಆ ಸಿಹಿಗೆ ಇವತ್ತಿಗೂ ಹೆಸರು ಹಯಗ್ರೀವ. ತಿನ್ನುವವನ ಹೆಸರೇ ತಿಂಡಿಗೆ ನಿಂತ ಭಾಗ್ಯ ಎಷ್ಟು ಜನರಿಗುಂಟು?

ಇನ್ನು ಸತ್ತವರು. ಹಳೇ ಮೈಸೂರು ಸೀಮೆಯಲ್ಲಿ ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಎಡೆ ಇಡುವಾಗ ತೀರಿಹೋದವರ ಇಷ್ಟಾನಿಷ್ಟವನ್ನು ಮನೆಯವರು ನೆನೆದು ನೆನೆದು ಬಡಿಸುತ್ತಾರೆ. ಬಾಡು, ಮುದ್ದೆ, ವಡೆ, ಬೀಡಿ, ಹೆಂಡ ಹೀಗೆ ಬದುಕಿದ್ದಾಗ ಬೈಸಿಕೊಂಡ ಚಟಕ್ಕೂ ಆ ದಿನ ಎಲೆಯ ಮೇಲೆ ಜಾಗವಿದೆ. ನಮ್ಮ ಕಡೆಯ ಹವ್ಯಕರ ಶ್ರಾದ್ಧದ ಎಲೆ ಇಷ್ಟು ಸಡಿಲವಲ್ಲ. ಅಲ್ಲಿ ಪಟ್ಟಿ ಮೊದಲೇ ನಿಂತಿದೆ. ಆಲೂಗಡ್ಡೆ, ಟೊಮೆಟೊ, ಎಲೆಕೋಸು ಬರುವಂತಿಲ್ಲ. ಖಾರಕ್ಕೆ ಕಾಳುಮೆಣಸು, ಹಸಿಮೆಣಸಿನಕಾಯಿಗೆ ಎಷ್ಟೋ ಮನೆಗಳಲ್ಲಿ ಪ್ರವೇಶವಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಮೂರೂ ಅಮೆರಿಕ ಖಂಡದವು, ಪೋರ್ಚುಗೀಸರು ಬಂದ ಮೇಲೆ ಈ ಕರಾವಳಿಗೆ ಇಳಿದವು. ಅದೇ ಪೋರ್ಚುಗೀಸರು ಘಟ್ಟದ ಕೆಳಗಿನ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದದ್ದು ಕಾಳುಮೆಣಸಿನ ವ್ಯಾಪಾರಕ್ಕೆ. ‘ಮೆಣಸು’ ಎಂದರೆ ಕಾಳುಮೆಣಸು ಮಾತ್ರ ಎಂದಿದ್ದ ಆ ಕಾಲದ ಅಡುಗೆಮನೆ ವರ್ಷಕ್ಕೊಮ್ಮೆ, ತಿಥಿಯ ದಿನ, ಹಾಗೇ ಎದ್ದು ಬರುತ್ತದೆ. ಕಂಬಳಿ ಹೊದ್ದು ಬಿಸಿ ಬೋಂಡಾ ಮೆಲ್ಲುತ್ತ ಬಾಳಿದ ಅಪ್ಪಯ್ಯನಿಗೆ ಅವನ ತಿಥಿಯಲ್ಲಿ ಆಲೂಗಡ್ಡೆ ಬೋಂಡಾ ಸಿಗುವುದಿಲ್ಲ. ಅವನಿಗೆ ಸಿಗುವುದು ಅವನ ಮುತ್ತಜ್ಜನ ಮುತ್ತಜ್ಜನ ಊಟ. ಆದರೂ ಮಕ್ಕಳು ಸುಮ್ಮನಿರುತ್ತಾರೆಯೇ? ಪಟ್ಟಿಗೆ ಒಪ್ಪುವ ಹಾಗೆ, ಅವನಿಗೆ ಸೇರುತ್ತಿದ್ದ ವಡೆಯೋ ಸುಟ್ಟೇವೋ ಇದ್ದರೆ ಅದನ್ನು ಎರಡು ಹೆಚ್ಚು ಬಡಿಸುತ್ತಾರೆ.

ಭೂಮಿಯ ಬುಟ್ಟಿಗೆ ಈ ಮಡಿಯಿಲ್ಲ. ಚೀನಿಕಾಯಿ, ಅಂದರೆ ಸಿಹಿಗುಂಬಳ, ಹೆಸರಿನಲ್ಲಿ ಚೀನಾ ಕೇಳಿಸಿದರೂ ಮೂಲದಲ್ಲಿ ಮೆಣಸಿನಕಾಯಿಯ ಹಾಗೆಯೇ ಅಮೆರಿಕದ್ದು. ಅದು ಬಯಕೆಯ ಬುಟ್ಟಿಯೊಳಗೆ ಯಾರನ್ನೂ ಕೇಳದೆ ಹೊಕ್ಕಿದೆ. ಪಿತೃಗಳ ನಾಲಿಗೆ ಒಂದು ಶತಮಾನದಲ್ಲಿ ನಿಂತುಹೋಗಿದೆ, ಬಸುರಿಯ ನಾಲಿಗೆ ಮಾತ್ರ ವರ್ಷವರ್ಷವೂ ಹೊಸತನ್ನು ಬೇಡುತ್ತದೆ. ಬಯಕೆ ಎಂದ ಮೇಲೆ ಪಟ್ಟಿ ಮಾಡಲು ಬರುವುದಿಲ್ಲವಲ್ಲ.

ಇಷ್ಟೆಲ್ಲ ಬಯಕೆಗಳನ್ನು ತೀರಿಸಿದ ಮನೆಗಳಿಗೆ ಈಗ ಬರೋಣ. ಸಿದ್ದಾಪುರ ತಾಲ್ಲೂಕಿನಲ್ಲಿ ದೊಡ್ಮನೆ ಎಂಬ ಊರಿದೆ, ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆಯವರು 1926ರಲ್ಲಿ ಹುಟ್ಟಿದ ಊರು. ಆ ಊರಿನ ಮಾತು ಬಿಡಿ, ಹೆಸರನ್ನಷ್ಟೇ ನೋಡಿ. ಒಂದೇ ಸೂರಿನ ಕೆಳಗೆ ಇಪ್ಪತ್ತು ಮೂವತ್ತು ಜನ ಉಣ್ಣುವ ‘ದೊಡ್ಡ ಮನೆ’ಗಳು ಅಡಿಕೆ ಸೀಮೆಯಲ್ಲಿ ಹಿಂದೆ ಬೇಕಾದಷ್ಟಿದ್ದವು. ಅಲ್ಲಿ ಒಬ್ಬರಿಗೆಂದು ಬೇರೆ ಪಾತ್ರೆ ಒಲೆಗೇರುತ್ತಿರಲಿಲ್ಲ. ತಂಬುಳಿ, ಅಪ್ಪೆಹುಳಿ, ಸಾಸ್ಮೆ, ಪಳದ್ಯ, ಯಾವುದಾದರೂ ಪಂಕ್ತಿಗೆಲ್ಲ ಒಂದೇ. ಇಷ್ಟ ಎಂಬುದು ಬಡಿಸುವ ಸೌಟಿನಲ್ಲಿ ಮಾತ್ರ ಕಾಣಿಸುತ್ತಿತ್ತು. ಯಾರಿಗೆ ಹುಳಿಯ ಹೋಳು, ಯಾರಿಗೆ ಬರೀ ರಸ, ಯಾರ ಅನ್ನಕ್ಕೆ ಇನ್ನೊಂದು ಮಿಳ್ಳೆ ತುಪ್ಪ ಎಂಬುದೆಲ್ಲ ಬಡಿಸುವವಳಿಗೆ ಬಾಯಿಪಾಠ. ಬರೆದಿಟ್ಟಿದ್ದರೆ ‘ಮಾನಸೋಲ್ಲಾಸ’ಕ್ಕಿಂತ ದೊಡ್ಡ ಗ್ರಂಥವಾಗುತ್ತಿತ್ತು.

ಎಲ್ಲರ ಎಲೆ ಎದ್ದ ಮೇಲೆ ಅವಳ ಊಟ. ಆಗ ಉಳಿದಿರುವುದೇ ಅವಳಿಗೆ ಇಷ್ಟ ಎಂದು ಮನೆ ನಂಬಿತ್ತು. ಹಾಗಾಗಿಯೇ ಹೆಂಗಸರ ಎಡೆಯ ಮುಂದೆ, ತಿಥಿಯ ಅಡುಗೆಮನೆಯಲ್ಲಿ ಒಂದು ವಿಚಿತ್ರ ಮೌನ. ಅಪ್ಪಯ್ಯನಿಗೆ ಏನು ಸೇರುತ್ತಿತ್ತೆಂದರೆ ನಾಲ್ಕು ಜನ ಒಟ್ಟಿಗೆ ಹೇಳುತ್ತಾರೆ. ‘ಆಯಿಗೆ?’ ಎಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಅವಳು ಎಲ್ಲ ತಿಂತಿತ್ತು’ ಎನ್ನುತ್ತಾರೆ. ಎಲ್ಲ ತಿನ್ನುತ್ತಿದ್ದಳು ಎಂಬುದು ಉತ್ತರವಲ್ಲ, ಯಾರೂ ಕೇಳಿರಲಿಲ್ಲ ಎಂಬುದಕ್ಕೆ ಇನ್ನೊಂದು ಹೆಸರು.

ಒಂದು ಸಂದರ್ಭದಲ್ಲಿ ಮಾತ್ರ ಕೇಳಿದ್ದರು. ಬಸುರಿಯಾದಾಗ ತವರಿನಿಂದ ಬುತ್ತಿ ಬರುತ್ತಿತ್ತು, ನೆರೆಹೊರೆಯವರು ಕರೆದು ಬಡಿಸುತ್ತಿದ್ದರು. ಹುಳಿ ಬೇಕೆಂದರೆ ಹುಳಿ, ಕರಿದದ್ದು ಬೇಕೆಂದರೆ ಕರಿದದ್ದು. ಅದೂ ಪೂರ್ತಿ ಅವಳದ್ದಲ್ಲ. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬ ಹೆದರಿಕೆಯ ಪಾಲೂ ಅದರಲ್ಲಿತ್ತು. ಹೆರಿಗೆಯಾಯಿತೋ, ಪ್ರಶ್ನೆ ಮುಗಿಯಿತು. ಗದ್ದೆಗಾದರೆ ಪ್ರತಿ ಆಶ್ವಯುಜದಲ್ಲೂ ಬಸಿರು, ಪ್ರತಿ ವರ್ಷವೂ ಬುತ್ತಿ. ರಾತ್ರಿಯಿಡೀ ಹೊಗೆಯಲ್ಲಿ ಕೂತು ಆ ಬುತ್ತಿ ಕಟ್ಟುವವಳು ಹಚ್ಚಂಬಲಿಗೆ ಸೊಪ್ಪು ಆರಿಸುವಾಗ ತನಗೆ ಸೇರುವ ಸೊಪ್ಪನ್ನೂ ಒಂದು ಹಿಡಿ ಹೆಚ್ಚು ಹಾಕಿರಲಾರಳೇ? ಭೂಮಿಗೆ ಏನಿಷ್ಟ ಎಂದು ಕಂಡು ಬಂದವರು ಯಾರು? ಬುಟ್ಟಿಯಲ್ಲಿರುವುದು ಅವಳದೇ ಬಯಕೆ ಎಂದು ನಾನು ಓದಿಕೊಳ್ಳುತ್ತೇನೆ. ಒಪ್ಪದವರು ಒಪ್ಪದಿರಲಿ.

ಈಗ ದೊಡ್ಡ ಮನೆಗಳು ಪಾಲಾಗಿವೆ. ದೊಡ್ಡಹಬ್ಬಕ್ಕೆ, ಎಂದರೆ ದೀಪಾವಳಿಗೆ, ಬೆಂಗಳೂರಿನಿಂದ ಬರುವ ಮಕ್ಕಳು ತಮಗೆ ಬೇಕಾದ್ದನ್ನು ವಾಟ್ಸಾಪಿನಲ್ಲಿ ಮೊದಲೇ ಕಳಿಸುತ್ತಾರೆ: ತೊಡದೇವು ಒಬ್ಬರಿಗೆ, ಗೋಬಿ ಮಂಚೂರಿ ಇನ್ನೊಬ್ಬರಿಗೆ. ಗದ್ದೆಗಳೂ ಹೋಗುತ್ತಿವೆ. ಭತ್ತ ಇದ್ದಲ್ಲಿ ಅಡಿಕೆ ಬಂದಿದೆ, ಹಾಗಾಗಿ ಭೂಮಣ್ಣಿ ಬುಟ್ಟಿ ಎಷ್ಟೋ ಕಡೆ ತೋಟಕ್ಕೆ ನಡೆದಿದೆ. ಅಡಿಕೆ ಮರಕ್ಕೇ ಸೀರೆ ಉಡಿಸಿ, ಕರಿಮಣಿ ಕಟ್ಟಿ ಪೂಜೆ. ಆಶ್ವಯುಜದ ಹೊತ್ತಿಗೆ ಅಡಿಕೆ ಗೊನೆ ಬಲಿತು ಕೊಯ್ಲಿಗೆ ಹತ್ತಿರವಾಗಿರುತ್ತದೆ, ಬಯಕೆಯ ತಿಂಗಳು ಎಂದೋ ಕಳೆದಿರುತ್ತದೆ. ಆದರೂ ಹಚ್ಚಂಬಲಿ ಬೇಯುತ್ತದೆ. ಒಲೆಯ ಜಾಗದಲ್ಲಿ ಗ್ಯಾಸ್ ಬಂದಿರುವುದರಿಂದ ಹೊಗೆ ಮಾತ್ರ ಕಡಿಮೆ.